ಅಕ್ಕನ ಎಲೆಯಡಿಕೆ ಚೀಲದಲ್ಲಿ ನನ್ನ ಫೋನು

ಬೆಳಗ್ಗೆ ಎದ್ದ ಕೂಡಲೇ ಕೆಲವರಿಗೆ ಕಾಫಿ ಬೇಕು, ಕೆಲವರಿಗೆ ದೇವರ ಪಟ ಕಾಣಬೇಕು. ನನಗೆ ಒಂದು ಅಪಘಾತ ಬೇಕಿತ್ತು. ಮುಚ್ಚುಮರೆ ಮಾಡಿ ಏನು ಪ್ರಯೋಜನ? ಹಾಸಿಗೆಯಲ್ಲೇ ಫೋನು ಹಿಡಿದು ಎಲ್ಲಿ ಸೇತುವೆ ಕುಸಿಯಿತು, ಎಲ್ಲಿ ಗ್ಯಾಸ್ ಸಿಡಿಯಿತು ಎಂದು ತಿಳಿದುಕೊಂಡ ಮೇಲೆಯೇ ನನಗೆ ದಿನ ಶುರುವಾಗುತ್ತಿತ್ತು. ಒಂದು ಓದಿದರೆ ಫೋನು ತಾನಾಗಿ ಅಂಥದ್ದೇ ಇನ್ನು ನಾಲ್ಕು ತಂದು ಮುಂದಿಡುತ್ತಿತ್ತು. ನನ್ನ ರುಚಿಯನ್ನು ಅಷ್ಟು ಚೆನ್ನಾಗಿ ಅರಿತವರು ಮನೆಯಲ್ಲಿ ಇನ್ನಾರೂ ಇರಲಿಲ್ಲ. ಕುಕ್ಕರ್ ಕೂಗಿದರೆ ನಾನು ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವ ಮಟ್ಟಕ್ಕೆ ಬಂದಿದ್ದೆ. ಹೆಂಡತಿ ಮಂಜುಳ ಮಾತ್ರ ಒಲೆಯ ಮುಂದೆಯೇ ನಿಂತಿರುತ್ತಿದ್ದಳು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಈ ಚಟ ನನ್ನೊಬ್ಬನ ನಿದ್ದೆ ಕೆಡಿಸಿ ಸುಮ್ಮನಿದ್ದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಗುಮ್ಮಳಾಪುರದಲ್ಲಿರುವ ನನ್ನ ಅಕ್ಕ ಲಕ್ಷ್ಮಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಒಂದು ಕಣ್ಣಿನ ಪೊರೆ ತೆಗೆಸೋಣವೆಂದು ಹೊಸೂರಿನ ಆಸ್ಪತ್ರೆಯಲ್ಲಿ ಸೋಮವಾರಕ್ಕೆ ಗೊತ್ತು ಮಾಡಿ, ಶುಕ್ರವಾರವೇ ಅವಳನ್ನು ಅದೇ ಊರಿನ ಆಲಸನತ್ತ ಬಡಾವಣೆಯ ನಮ್ಮ ಮನೆಗೆ ಕರೆಸಿಕೊಂಡೆ. ಶನಿವಾರ ಬೆಳಗ್ಗೆ ಅವಳ ಪಕ್ಕದಲ್ಲಿ ಕೂತು, ಎಲ್ಲೋ ದೂರದ ಊರಿನಲ್ಲಿ ಕಣ್ಣಿನ ಆಪರೇಷನ್ ಕೆಟ್ಟು ಹೋದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿದೆ. ಅವಳು ಹುಷಾರಾಗಿರಲಿ ಎಂಬುದು ನನ್ನ ಉದ್ದೇಶ. ಅವಳು ಹುಷಾರಾದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಊರಿನ ಬಸ್ಸು ಹತ್ತಿಬಿಟ್ಟಿದ್ದಳು.

"ಹೋಗಿ ಕರ್ಕೊಂಡು ಬನ್ನಿ. ಕೆಡಿಸಿದ್ದು ನೀವು," ಎಂದಳು ಮಂಜುಳ.

ಹೋದೆ. ಭಾವ ಪಂಪು ಹಾಕಲು ಹೋಗಿದ್ದರು. ಅಕ್ಕ ತೋಟದಲ್ಲಿ ಬಗ್ಗಿ ಬೀನ್ಸ್ ಕೀಳುತ್ತಿದ್ದಳು. ಕಣ್ಣಿನಿಂದ ನೋಡಿ ಅಲ್ಲ, ಬೆರಳಿನಿಂದ ತಡವಿ. ಮಂಕರಿಯೊಳಗೆ ಬಲಿತ ಕಾಯಿಯ ಜೊತೆ ಎಳೆಯ ಹೀಚು, ಎಲೆ, ಹೂವು ಎಲ್ಲ ಬಿದ್ದಿದ್ದವು. ಒಂದು ಕಾಲದಲ್ಲಿ ನನ್ನ ತಲೆಯಲ್ಲಿ ಹೇನು ಹುಡುಕಿ ತೆಗೆದ ಕಣ್ಣು ಅದು.

"ಭಯ ಬೇಡಕ್ಕ, ಡಾಕ್ಟರು ಒಳ್ಳೆಯವರು," ಎಂದೆ.

"ಡಾಕ್ಟ್ರು ಕಂಡ್ರೆ ನಂಗೇನ್ ಭಯ ಇಲ್ಲ ಕಣ್ಲಾ. ನಿನ್ ಬಾಯಿ ಕಂಡ್ರೆ ಭಯ. ಆ ಫೋನ್ ನಂಗ್ ಕೊಡು, ಬತ್ತೀನಿ."

ಕೊಟ್ಟೆ. ಅವಳು ಅದನ್ನು ಎಲೆಯಡಿಕೆ ಚೀಲಕ್ಕೆ ತುರುಕಿ ದಾರ ಎಳೆದು ಬಿಗಿದಳು.

ಸೋಮವಾರ ಆಸ್ಪತ್ರೆಯಲ್ಲಿ ನರ್ಸಮ್ಮ ಅವಳ ಕೈಹಿಡಿದು ತಮಿಳಿನಲ್ಲಿ "ಬಯಪ್ಪಡಾದೀಂಗಮ್ಮ", ಹೆದರಬೇಡಿ ಎಂದರು. "ನಂಗಲ್ಲ, ಅವ್ನಿಗ್ ಹೇಳವ್ವ" ಎಂದು ನನ್ನ ಕಡೆ ತೋರಿಸಿ ಅಕ್ಕ ಒಳಗೆ ಹೋದಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಫೋನಿಲ್ಲದೆ ಹೊರಗೆ ಕೂತ ನನಗೆ ಅದು ಅರ್ಧ ದಿನದಂತಿತ್ತು.

ಕಾರ್ಖಾನೆಗೆ ಒಂದು ವಾರ ರಜೆ ಹಾಕಿದೆ. ಕಣ್ಣಿಗೆ ಔಷಧಿಯ ಹನಿ ಬಿಡುವುದು ನನ್ನ ಕೆಲಸ. ಮೊದಲ ಎರಡು ದಿನ ಕೈ ತಾನಾಗಿ ಷರ್ಟಿನ ಜೇಬಿಗೆ ಹೋಗಿ ಖಾಲಿ ಬರುತ್ತಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತ ಅಕ್ಕನಿಗೂ ಬೇಸರ. "ಬೀದೀಲಿ ಏನ್ ನಡೀತೈತೆ ಹೇಳ್ಲಾ," ಎಂದಳು.

"ನೀರಿನ ಟ್ಯಾಂಕರ್ ಬರ್ತಿದೆ. ಇಳಿಜಾರು. ಬ್ರೇಕ್ ಹಿಡೀದೆ ಇದ್ರೆ ನೇರ ಎದುರು ಮನೆ ಗೋಡೆಗೆ..."

"ಹಿಡೀತಾ?"

"ಹಿಡೀತು."

"ಅಷ್ಟೇ ಹೇಳು ಮತ್ತೆ."

ಹೀಗೆ ನನ್ನ ಶಿಕ್ಷಣ ನಡೆಯಿತು. ಹೂವಿನವಳೂ ಗಿರಾಕಿಯೂ ತೆಲುಗಿನಲ್ಲಿ ಚೌಕಾಸಿ ಮಾಡುವುದು, ಮೂಲೆಮನೆಯ ನಾಯಿ ತಾನು ಕದ್ದು ತಂದ ಚಪ್ಪಲಿಯನ್ನೇ ಕಾಯುವುದು, ಎಲ್ಲ ವರದಿ ಮಾಡಿದೆ. ಮೂರನೆಯ ದಿನ ಎದುರು ಮನೆಯ ತಮಿಳು ಮೇಷ್ಟ್ರು ಊರುಗೋಲು ಹಿಡಿದು ಗೇಟಿನವರೆಗೆ ಬಂದರು. ನಾನು ಬೆಚ್ಚಿ ಮಂಜುಳಳನ್ನು ಕೂಗಿದೆ.

"ಕಾಲು ಮುರಿದು ಎರಡು ತಿಂಗಳಾಯ್ತಲ್ರೀ. ಅವತ್ತೇ ಹೇಳಿದ್ದೆ. ಫೋನ್ ನೋಡ್ತಾ ಹೂಂ ಅಂದ್ರಿ."

ಯಾವ ಯಾವುದೋ ದೇಶದ ಭೂಕಂಪ ಗೊತ್ತಿದ್ದ ನನಗೆ ಇಪ್ಪತ್ತು ಅಡಿ ಆಚೆಯ ಕಾಲು ಗೊತ್ತಿರಲಿಲ್ಲ. ಅವತ್ತು ಸಂಜೆ ಹೋಗಿ ಅವರ ಜೊತೆ ಒಂದು ಗಂಟೆ ಕೂತೆ. ತಡವಾಗಿ ಬಂದ ನನಗೆ ಅವರೇ ಕಾಫಿ ತರಿಸಿ ಕೊಟ್ಟರು. ಅದೇ ಹೆಚ್ಚು ಚುಚ್ಚಿತು.

ವಾರದ ಕೊನೆಗೆ ಡಾಕ್ಟರು ನೋಡಿ, ಚೆನ್ನಾಗಿದೆ ಎಂದರು. ಮನೆಗೆ ಬಂದು ಅಕ್ಕ ಕನ್ನಡಕ ತೆಗೆದು ಮಂಜುಳಳನ್ನು ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು, ಆಮೇಲೆ ನನ್ನನ್ನು ನೋಡಿ ನಿಂತುಬಿಟ್ಟಳು.

"ಏನ್ಲಾ ನಾಗ, ಮೊಖ ಹಿಂಗಾಗೋಗೈತೆ. ಕಣ್ ಕೆಳಗೆ ಎಲ್ಡು ಚೀಲ ಇಳಿಬಿದ್ದೈತೆ. ಉಷಾರಾಗಿದ್ದೀಯಾ?"

ಹೇಳಿದವಳೇ ಫೋನು ಕೈಗಿಟ್ಟು, ಊರಿಗೆ ಒಯ್ಯುವ ಬಟ್ಟೆಗಂಟು ಕಟ್ಟಲು ಒಳಗೆ ಹೋದಳು. ಫೋನಿಗೆ ಸುಣ್ಣ, ಹೊಗೆಸೊಪ್ಪಿನ ವಾಸನೆ ಹತ್ತಿತ್ತು. ಏಳು ದಿನಗಳ ಸಂಯಮದ ನಂತರ ಅದನ್ನು ಚಾರ್ಜಿಗೆ ಹಾಕಿ ನಾನು ಮೊದಲು ಹುಡುಕಿದ್ದು, ಕಣ್ಣಿನ ಕೆಳಗೆ ಚೀಲ ಯಾಕೆ ಬರುತ್ತದೆ ಎಂದು. ಮೊದಲ ಕಾರಣ ನಿದ್ದೆಗೇಡು. ಎರಡನೆಯದು ವಯಸ್ಸು. ಮೂರನೆಯದರಲ್ಲಿ ಮೂತ್ರಪಿಂಡ ಬಂತು, ನನಗೆ ಬೆವರು ಬಂತು. ಎದ್ದು ಹೋಗಿ ಫೋನನ್ನು ಮತ್ತೆ ಅಕ್ಕನ ಕೈಗಿಟ್ಟು, "ಇನ್ನೊಂದು ವಾರ ಇದ್ದು ಹೋಗಕ್ಕ," ಎಂದೆ.

ಅಕ್ಕನ ಕಣ್ಣು ತುಂಬಿತು. ಆಪರೇಷನ್ ಆದ ಕಣ್ಣು, ಅಳಬೇಡ ಎಂದರೂ ಕೇಳಲಿಲ್ಲ. ತಮ್ಮನಿಗೆ ತನ್ನ ಮೇಲೆ ಎಂಥ ಪ್ರೀತಿ ಎಂದು ಅದೇ ಫೋನಿನಿಂದ ಊರಿನವರಿಗೆಲ್ಲ ಹೇಳಿದಳು. ತಿದ್ದುವ ಧೈರ್ಯ ನನಗೆ ಬರಲಿಲ್ಲ.