ಟಿವಿಯಲ್ಲಿ ನನ್ನದೊಂದು ಸೀನು

ಸ್ಪಷ್ಟವಾಗಿ ಹೇಳಿದ ಮಾತನ್ನು ಯಾರೂ ತಪ್ಪು ತಿಳಿಯಲಾರರು ಎಂಬುದು ಈ ಚಳಿಗಾಲದವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬದೆ ಇರುವುದಾದರೂ ಹೇಗೆ? ನನ್ನ ಹೊಟ್ಟೆಪಾಡೇ ಅದು. ನವಿ ಮುಂಬೈಯ ಕಂಪನಿಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಯಂತ್ರಗಳ ಕೈಪಿಡಿ ಬರೆಯುತ್ತಿದ್ದೇನೆ. ‘ಮೊದಲು ಮುಚ್ಚಳ ತೆರೆಯಿರಿ. ನಂತರ ಗುಂಡಿ ಒತ್ತಿರಿ.’ ಇದನ್ನು ಓದಿದ ಮೇಲೂ ಮೊದಲು ಗುಂಡಿ ಒತ್ತಿದವರು ಇದುವರೆಗೆ ಒಬ್ಬರೂ ದೂರು ಕೊಟ್ಟಿಲ್ಲ. ಕೊಡಲು ಉಳಿದಿದ್ದರೆ ತಾನೆ!

ನಾವಿರುವ ಡೊಂಬಿವಲಿಗೆ ಚಳಿಗಾಲ ಬರುವುದು ಕನಸು ಬಂದ ಹಾಗೆ. ಬೆಳಿಗ್ಗೆ ಖಾಡಿಯ, ಅಂದರೆ ಹಿನ್ನೀರಿನ, ಕಡೆಯಿಂದ ಮಂಜು ಎದ್ದು ಬಿಲ್ಡಿಂಗುಗಳ ನಡುವೆ ಮೆಲ್ಲಗೆ ನಡೆದು ಬರುತ್ತದೆ. ನಮ್ಮ ಗ್ಯಾಲರಿಯಿಂದ ನೋಡಿದರೆ ಎದುರಿನ ಬಿಲ್ಡಿಂಗ್ ಇರುವುದೇ ಇಲ್ಲ. ಅದರ ತಂತಿಯ ಮೇಲಿನ ಹಳದಿ ಸೀರೆಯೊಂದು ಮಾತ್ರ ಆಕಾಶದಲ್ಲಿ ತೇಲುತ್ತಿರುತ್ತದೆ. ಸ್ಟೇಷನ್ನಿನ ಘೋಷಣೆ ಬೇರೆ ಯಾವುದೋ ಲೋಕದಿಂದ ಕೇಳಿಬರುತ್ತದೆ. ಆ ಮಂಜಿನೊಳಗೆ ವರ್ಷಕ್ಕೊಂದು ಸಲ ಎಲ್ಲರಿಗೂ ನೆಗಡಿಯಾಗುತ್ತದೆ. ನಾಲ್ಕು ದಿನ ಇರುತ್ತದೆ, ಕಷಾಯ ಕುಡಿಯುತ್ತದೆ, ಹೋಗುತ್ತದೆ. ಮನೆಗೆ ಬರುವ ಬೇರೆ ನೆಂಟರಿಗಿಂತ ಮರ್ಯಾದಸ್ಥ.

ಆದರೆ ಈ ವರ್ಷ ಅದರ ಮೇಲೆ ಟಿವಿಯವರ ಕಣ್ಣು ಬಿತ್ತು. ಯಾವ ವಾಹಿನಿ ಹಾಕಿದರೂ ಕೆಂಪು ಪಟ್ಟಿ, ಸೈರನ್ನು. ಪರದೆಯ ತುಂಬ ಮುಳ್ಳುಮುಳ್ಳಿನ ಹಸಿರು ಚೆಂಡುಗಳು ಉರುಳಿಕೊಂಡು ಬಂದು ನಮ್ಮ ಸೋಫಾದ ಮೇಲೆಯೇ ಬೀಳುತ್ತಿದ್ದವು. “ನಿಮ್ಮ ಮೂಗಿನಿಂದ ಸೋರುತ್ತಿರುವುದು ನೀರೋ, ಆಯುಷ್ಯವೋ?” ಎಂದು ಕೋಟು ತೊಟ್ಟ ಮನುಷ್ಯನೊಬ್ಬ ಕೂಗುತ್ತಿದ್ದ. ಏನು ಮಾಡಬೇಕು, ಯಾರು ಹುಷಾರಾಗಿರಬೇಕು ಎಂದು ಯಾರೂ ಹೇಳುತ್ತಿರಲಿಲ್ಲ. ಮಧ್ಯೆ ಒಬ್ಬ ವೈದ್ಯರು ಅದನ್ನೇ ಹೇಳಲು ಬಾಯಿ ತೆರೆದರು. ಬ್ರೇಕ್ ಬಂತು!

ಎಲ್ಲರಿಗೂ ಇದು ರೇಜಿಗೆಯಾಗಿತ್ತು. ಲೋಕಲ್ ಗಾಡಿಯಲ್ಲಿ ದಿನವೂ ಅದೇ ಬೈಗುಳ. ನಮ್ಮ ಎದುರು ಮನೆಯ ದೇಶಪಾಂಡೆ ಕಾಕಾ, ನಮ್ಮ ಸೊಸೈಟಿಯ ಸೆಕ್ರೆಟರಿ, ಮೆಟ್ಟಿಲ ಮೇಲೆ ನಿಂತು ಮರಾಠಿಯಲ್ಲಿ ಟಿವಿಯವರ ಜನ್ಮ ಜಾಲಾಡುತ್ತಿದ್ದರು. ನಂತರ ಗಡಿಬಿಡಿಯಲ್ಲಿ ಒಳಗೆ ಹೋಗುತ್ತಿದ್ದರು. “ಚಲಾ, ಬ್ರೇಕ್ ಸಂಪಲಾ!” ಬ್ರೇಕ್ ಮುಗಿದಿತ್ತು.

ಅದೇ ವಾರ ನಮ್ಮ ಮನೆಯಲ್ಲಿ ಬೇರೊಂದು ಘನವಾದ ಸಿದ್ಧತೆ ನಡೆದಿತ್ತು. ನನ್ನ ಹೆಂಡತಿ ಶೈಲಜಾ ಉಡುಪಿ ಕಡೆಯವಳು. ಕಲ್ಯಾಣದ ಕನ್ನಡ ಸಂಘದಲ್ಲಿ ಹನ್ನೆರಡು ವರ್ಷಗಳಿಂದ ಸಮೂಹಗಾನದ ಹಿಂದಿನ ಸಾಲಿನಲ್ಲಿ, ಉದ್ದದ ಇಬ್ಬರು ಹೆಂಗಸರ ಬೆನ್ನಿಗೆ ಹಾಡುತ್ತಿದ್ದಳು. ಈ ಸಲ, ಬರುವ ಭಾನುವಾರದ ಕಾರ್ಯಕ್ರಮದಲ್ಲಿ, ಅವಳೊಬ್ಬಳಿಗೇ ಒಂದು ಹಾಡು ಕೊಟ್ಟಿದ್ದರು. ತಿಂಗಳಿಂದ ಅಭ್ಯಾಸ. ಒಗ್ಗರಣೆ ಸಿಡಿಯುವಾಗಲೂ ಆಲಾಪ. ಮಂಜಿನ ಬೆಳಗಿನಲ್ಲಿ ಅವಳ ದನಿ ಅಡಿಗೆಮನೆಯಿಂದ ತೇಲಿ ಬರುವಾಗ ನಾನು ಹಾಸಿಗೆಯಲ್ಲಿ ಅರೆಗಣ್ಣು ಮುಚ್ಚಿ, ನಾನು ಇಷ್ಟು ಸುಖಿಯೆಂದು ನನಗೇ ಗೊತ್ತಿರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಸೋಮವಾರ ನನಗೆ ನೆಗಡಿ ಬಂತು.

“ಎಂತ ಮಾರಾಯ್ರೆ, ಈಗಲೇ ಬರ್ಬೇಕಿತ್ತಾ ಇದು? ನನ್ನ ಸ್ವರಕ್ಕೆ ತಾಗಿದ್ರೆ ಜಾಗ್ರತೆ!” ಎಂದು ಶೈಲಜಾ ನನ್ನ ದಿಂಬು, ಹೊದಿಕೆ, ಲೋಟ ಎಲ್ಲವನ್ನೂ ಗ್ಯಾಲರಿಗೆ ವರ್ಗಾಯಿಸಿದಳು. ನಾನೂ ಜೊತೆಗೆ ವರ್ಗವಾದೆ.

ಗುರುವಾರ ಬೆಳಿಗ್ಗೆ ನೆಗಡಿಯ ಮಾತ್ರೆ ನುಂಗಿ ಆಫೀಸಿಗೆ ಹೊರಟೆ. ಆ ಮಾತ್ರೆಯ ಗುಣವೆಂದರೆ ಅದು ನೆಗಡಿಯನ್ನು ಬಿಟ್ಟು ಮನುಷ್ಯನನ್ನು ಮಲಗಿಸುತ್ತದೆ. ರಸ್ತೆ ಹತ್ತಿಯಂತೆ ಮೆತ್ತಗಿತ್ತು. ರಿಕ್ಷಾಗಳು ಮೀನುಗಳ ಹಾಗೆ ಮಂಜಿನಿಂದ ಹೊರಬಂದು ಮಂಜಿಗೇ ಹೋಗುತ್ತಿದ್ದವು. ಸ್ಟೇಷನ್ನಿನ ಹೊರಗೆ ಒಂದು ಬೆಳಕು ನನ್ನ ಮುಖದ ಮೇಲೆ ಬಿತ್ತು. ಸೂರ್ಯೋದಯವೆಂದು ಕೈ ಮುಗಿಯಬೇಕೆನ್ನುವಷ್ಟರಲ್ಲಿ ಅದರ ಪಕ್ಕದಿಂದ ಮೈಕು ಬಂತು. ಮೈಕಿನ ಹಿಂದೆ ಒಬ್ಬ ಹುಡುಗಿ.

“ಸರ್, ಈ ಜ್ವರದ ಬಗ್ಗೆ ಭಯ ಆಗ್ತಿದೆಯಾ?” ಎಂದು ಹಿಂದಿಯಲ್ಲಿ ಕೇಳಿದಳು.

ಸಿಕ್ಕಿತು! ಊರಿಗೆ ಊರೇ ಹೇಳಬೇಕೆಂದಿದ್ದುದನ್ನು ಹೇಳುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು. ಗಂಟಲು ಸರಿಮಾಡಿಕೊಂಡು, ಒಂದೊಂದೇ ವಾಕ್ಯವನ್ನು ಕೈಪಿಡಿಯ ಶೈಲಿಯಲ್ಲಿ ಬಿಡಿಬಿಡಿಯಾಗಿ ಹೇಳಿದೆ: “ಭಯ ಆಗುತ್ತದೆ. ಯಾವಾಗ? ನಿಮ್ಮ ಟಿವಿ ಹಾಕಿದಾಗ. ನನಗೂ ನೆಗಡಿಯಿದೆ. ಅದಕ್ಕೇನು? ಬಿಸಿನೀರು ಕುಡಿದು ಮಲಗುತ್ತೇನೆ. ಹೆಚ್ಚಾದರೆ ಡಾಕ್ಟರ ಹತ್ತಿರ ಹೋಗುತ್ತೇನೆ. ನಿಮ್ಮ ಸುದ್ದಿ ನೋಡಿದರೆ ಮಾತ್ರ ನಾಳೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ ಅನ್ನಿಸುತ್ತದೆ. ಜನರನ್ನು ಹೆದರಿಸಬೇಡಿ. ತಿಳಿದವರನ್ನು ಕೇಳಿ, ಸಮಾಧಾನವಾಗಿ ತಿಳಿಸಿ.”

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆ ಆನಂದದಲ್ಲಿ ನನಗೊಂದು ಸೀನು ಬಂತು. ಕರವಸ್ತ್ರ ತೆಗೆಯಲು ಹೋದ ಕೈ ಜೇಬು ತಲುಪುವ ಮೊದಲೇ ಸೀನು ಕ್ಯಾಮೆರಾ ತಲುಪಿತ್ತು.

ಮಧ್ಯಾಹ್ನ ಆಫೀಸಿನಲ್ಲಿ ಫೋನು. ಹತ್ತನೇ ತರಗತಿಯ ನನ್ನ ಮಗಳು ಈಶಾ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರಿಸುವುದು ಮರಾಠಿಯಲ್ಲೇ. “ಪಪ್ಪಾ, ತೂ ಟಿವೀವರ್ ಆಹೇಸ್!”

“ಗೊತ್ತು ಮಗಾ, ನಾನು ಟಿವಿಯಲ್ಲಿದ್ದೇನೆ. ಹೇಗೆ ಬಂದಿದೆ?”

ಅವಳು ಫೋನು ಇಟ್ಟುಬಿಟ್ಟಳು.

ಕ್ಯಾಂಟೀನಿನ ಟಿವಿಯ ಮುಂದೆ ಹೋಗಿ ನಿಂತೆ. ಪರದೆಯ ಮೇಲೆ ನಾನು. ಮಾತ್ರೆಯ ಮಹಿಮೆಯಿಂದ ಕಣ್ಣು ಅರ್ಧ ಮುಚ್ಚಿದೆ, ಸುತ್ತ ಮಂಜು, ಹಿಂದೆ ದುಃಖದ ಪಿಟೀಲು. ನಾನು ಹೇಳುತ್ತಿದ್ದೇನೆ: “ಭಯ ಆಗುತ್ತದೆ... ನನಗೂ ನೆಗಡಿಯಿದೆ... ನಾಳೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ...” ಅಷ್ಟೇ! ನಂತರ ಸೀನು. ಮೊದಲು ಮಾಮೂಲಿ ವೇಗದಲ್ಲಿ. ಆಮೇಲೆ ನಿಧಾನವಾಗಿ, ತುಂತುರು ಹನಿಗಳ ಸುತ್ತ ಕೆಂಪು ವೃತ್ತ ಹಾಕಿ, ಬಾಣ ತೋರಿಸಿ. ಕೆಳಗೆ ‘ನಡುಗಿದ ಡೊಂಬಿವಲಿ!’ ಎಂದು ಪಟ್ಟಿ.

ಸುತ್ತ ಊಟ ಮಾಡುತ್ತಿದ್ದವರು ತಟ್ಟೆ ಎತ್ತಿಕೊಂಡು ಎದ್ದು ಹೋದರು. ಮ್ಯಾನೇಜರು ಬಾಗಿಲ ಆಚೆಯಿಂದಲೇ, ನಾನು ಮನೆಯಿಂದಲೇ ಕೆಲಸ ಮಾಡಬಹುದೆಂದು ಹೇಳಿದರು. ವರ್ಷದಿಂದ ಈ ಅನುಮತಿಗಾಗಿ ಅರ್ಜಿ ಹಾಕುತ್ತಿದ್ದೆ. ಬರೀ ಸೀನಿದ್ದರೆ ಸಾಕಿತ್ತು!

ಮನೆಗೆ ಬರುವಷ್ಟರಲ್ಲಿ ಕಾಕಾ ಮೆಟ್ಟಿಲ ಬುಡದಲ್ಲಿ ಸ್ಯಾನಿಟೈಜರ್ ಹಿಡಿದು ಕಾದಿದ್ದರು. ನನ್ನ ಚಪ್ಪಲಿಯಿಂದ ಕನ್ನಡಕದವರೆಗೆ ಸಿಂಪಡಿಸಿದರು. “ಕಾಕಾ, ನಾನು ನಿಮ್ಮ ಮಾತನ್ನೇ ಹೇಳಿದ್ದು” ಎಂದೆ. “ಹೋ ಹೋ” ಎಂದು ಮರಾಠಿಯಲ್ಲಿ ಒಪ್ಪಿಕೊಳ್ಳುತ್ತಲೇ ಇನ್ನೆರಡು ಸಲ ಸಿಂಪಡಿಸಿದರು. ಕೆಲಸದವಳು ರಜೆ ಹಾಕಿದಳು. ಮೈಸೂರಿನಿಂದ ಸೋದರತ್ತೆ ಫೋನು ಮಾಡಿ, ನಾನೇ ಎತ್ತಿದರೂ, “ಅವನು ಹೇಗಿದ್ದಾನೆ?” ಎಂದು ನನ್ನನ್ನೇ ಕೇಳಿ ಅತ್ತರು.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತು. ಆದರೆ ಸಂಜೆ ಸಂಘದ ಕಾರ್ಯದರ್ಶಿ ಕುಲಕರ್ಣಿಯವರ ಫೋನು ಬಂತು. ಧಾರವಾಡದ ಕಡೆಯ ಸಜ್ಜನರು.

“ಸರ, ತಪ್ಪ ತಿಳ್ಕೋಬ್ಯಾಡ್ರಿ. ಸಂಘದಾಗ ಹಿರೇರು ಭಾಳ ಮಂದಿ ಅದಾರ. ಟಿವಿ ನೋಡಿ ಎಲ್ಲಾರೂ ಅಂಜ್ಯಾರ. ಶೈಲಜಾ ಬಾಯಾರ ಹಾಡು ಮುಂದಿನ ವರ್ಷ ಇಟ್ಕೊಳ್ಳೋಣಂತ.”

ಫೋನು ಸ್ಪೀಕರಿನಲ್ಲಿತ್ತು. ಶೈಲಜಾ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಡು ಬರೆದುಕೊಂಡಿದ್ದ ಪುಸ್ತಕವನ್ನು ಮುಚ್ಚಿ, ಕಪಾಟಿನೊಳಗೆ ಸೀರೆಗಳ ಅಡಿಗೆ ಇಟ್ಟಳು. ಮರುದಿನ ಬೆಳಿಗ್ಗೆ ಮಂಜು ಬಂತು, ಹಳದಿ ಸೀರೆ ತೇಲಿತು, ಕುಕ್ಕರ್ ಕೂಗಿತು. ಅವಳ ದನಿ ಮಾತ್ರ ಬರಲಿಲ್ಲ.

“ನಾನು ಸರಿಮಾಡುತ್ತೇನೆ” ಎಂದೆ.

“ನೀವು ಸುಮ್ನೆ ಕೂತ್ಕೊಳ್ಳಿ. ಅದೇ ದೊಡ್ಡ ಉಪಕಾರ.”

ಕೂರುವುದೇ? ನಮ್ಮ ಡಾಕ್ಟರ ಹತ್ತಿರ ಹೋದೆ. ಅವರು ಗಂಟಲು ನೋಡಿ, ಎದೆಗೆ ಕೊಳವೆ ಇಟ್ಟು, “ಸಾದಾ ನೆಗಡಿ” ಎಂದು ಬರೆದು, ಸೀಲು ಒತ್ತಿ ಕೊಟ್ಟರು. ಫೋಟೋ ತೆಗೆದು ಕುಲಕರ್ಣಿಯವರಿಗೆ ಕಳಿಸಿದರೆ ಸಾಕು ಎಂದು ಈಶಾ ಹೇಳಿದಳು. ದಾಖಲೆಯೆಂದರೆ ಮೂಲ ಪ್ರತಿ ಎಂಬುದು ಈಗಿನ ಮಕ್ಕಳಿಗೆ ಏನು ಗೊತ್ತು! ಮಾಸ್ಕ್ ಹಾಕಿ, ಮಾತ್ರೆ ನುಂಗಿ, ಪತ್ರ ಎದೆಗಿಟ್ಟುಕೊಂಡು ಕಲ್ಯಾಣದ ಗಾಡಿ ಹತ್ತಿದೆ.

ಎರಡೇ ಸ್ಟೇಷನ್ನು. ಮಾಸ್ಕ್ ಇದ್ದರೂ ಯಾರೋ ನನ್ನ ಕಣ್ಣು ಗುರುತು ಹಿಡಿದರು. “ಅರೆ, ಇದೇ ಅಲ್ವಾ ಆ ಮನುಷ್ಯ!” ಮೂವರು ಕುಳಿತಿದ್ದ ಸೀಟು ಕ್ಷಣದಲ್ಲಿ ಖಾಲಿಯಾಯಿತು. ಡೊಂಬಿವಲಿಯಲ್ಲಿ ಗಾಡಿ ಹತ್ತಿದವನಿಗೆ ಕಿಟಕಿ ಪಕ್ಕದ ಸೀಟು! ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿ. ಎಳೆಬಿಸಿಲು ಮುಖಕ್ಕೆ ಬಿತ್ತು. ಹೊರಗೆ ಮಂಜು ಕರಗಿ ಬೆಳ್ಳಿಯ ನೂಲಾಗುತ್ತಿತ್ತು. ಕನಸಿನಲ್ಲಿ ನಾನು ಪತ್ರ ಬಿಚ್ಚಿ ಓದಿದೆ. ಸಭೆ ಎದ್ದು ನಿಂತಿತು. ಉದ್ದದ ಆ ಇಬ್ಬರು ಹೆಂಗಸರು ಪಕ್ಕಕ್ಕೆ ಸರಿದು ಶೈಲಜಾಳಿಗೆ ದಾರಿ ಬಿಟ್ಟರು.

ಕಣ್ಣು ಬಿಟ್ಟರೆ ಕಲ್ಯಾಣ ಹಿಂದಕ್ಕೆ ಹೋಗಿತ್ತು. ಅದರ ಮುಂದಿನ ವಿಠ್ಠಲವಾಡಿ!

ಗಡಬಡಿಸಿ ಇಳಿದೆ. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಅದೇ ಹುಡುಗಿ ಕುಳಿತಿದ್ದಳು, ಮೈಕು ಮಡಿಲಲ್ಲಿಟ್ಟುಕೊಂಡು, ಕ್ಯಾಮೆರಾದವನ ಪಕ್ಕದಲ್ಲಿ. ನಾನು ಎರಡು ದಿನಗಳಿಂದ ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಒಟ್ಟುಮಾಡಿ ಅವಳ ಮುಂದೆ ನಿಂತೆ. ಅವಳು ತಲೆಯೆತ್ತಿದಳು. ಕಣ್ಣು ಕೆಂಪು, ಮೂಗು ಇನ್ನೂ ಕೆಂಪು.

“ಸರ್, ನೀವು ಹೇಳಿದ್ದನ್ನೆಲ್ಲ ಕಳಿಸಿದ್ದೆ. ಆಫೀಸಿನವರು ಕತ್ತರಿಸಿದರು. ನನಗೇ ಮೂರು ದಿನದಿಂದ ಜ್ವರ. ರಜೆ ಕೇಳಿದರೆ, ಜ್ವರದ ಸುದ್ದಿ ಜೋರಾಗಿದೆ, ಈಗ ರಜೆ ಇಲ್ಲ ಅಂತಾರೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ! ಜೇಬಿನಲ್ಲಿದ್ದ ಶುಂಠಿ ಪೆಪ್ಪರಮಿಂಟು ಕೊಟ್ಟೆ. ಡಾಕ್ಟರ ಪತ್ರದ ವಿಷಯವನ್ನೂ ಹೇಳಿದೆ. ಅವಳು ಅದನ್ನು ಕೆನ್ನೆಯಲ್ಲಿಟ್ಟುಕೊಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: “ಆ ಪತ್ರ ತೋರಿಸಿ ಸರ್. ನಿಮಗೆ ಏನೂ ಆಗಿಲ್ಲ ಅಂತ ಹಾಕಿಸ್ತೀನಿ.”

ನಾನು ತೋರಿಸಿದೆ. ಹೌದು. ಮತ್ತೊಮ್ಮೆ. ಕ್ಯಾಮೆರಾದ ಮುಂದೆ. ವಿಠ್ಠಲವಾಡಿಯ ಬೋರ್ಡಿನ ಕೆಳಗೆ ನಿಂತು.

ಕಲ್ಯಾಣಕ್ಕೆ ಮರಳಿ ಕುಲಕರ್ಣಿಯವರ ಮನೆ ಬಾಗಿಲು ತಟ್ಟುವಷ್ಟರಲ್ಲಿ ಸುದ್ದಿ ಅಲ್ಲಿಗೆ ನನಗಿಂತ ಮೊದಲೇ ತಲುಪಿತ್ತು. ಅವರು ಬಾಗಿಲು ತೆರೆಯದೆ ಕಿಟಕಿಯಿಂದಲೇ ತಮ್ಮ ಟಿವಿಯನ್ನು ನನ್ನತ್ತ ತಿರುಗಿಸಿದರು. ‘ಡೊಂಬಿವಲಿಯ ಆ ರೋಗಿ ವಿಠ್ಠಲವಾಡಿಯಲ್ಲಿ ಪತ್ತೆ! ಕೈಯಲ್ಲಿ ನಿಗೂಢ ಪತ್ರ!’

“ಒಂದ ಊರಿನ್ಯಾಗ ಇತ್ತು. ಈಗ ಎರಡಕ್ಕ ಹಬ್ಬಿಸಿದ್ರಿ. ಮನೀಗೆ ಹೋಗ್ರಿ ಸರ, ನಿಮ್ಮ ಕಾಲಿಗೆ ಬೀಳ್ತೇನಿ” ಎಂದರು ಕುಲಕರ್ಣಿ.

ಪತ್ರವನ್ನು ಕಿಟಕಿಯ ಸಂದಿನಿಂದ ತೂರಿಸಿದೆ. ಅವರು ಅದನ್ನು ಇಕ್ಕಳದಲ್ಲಿ ಹಿಡಿದುಕೊಂಡರು.

ಮನೆಗೆ ಬಂದು ಶೈಲಜಾಳಿಗೆ ಎಲ್ಲವನ್ನೂ ಹೇಳಿದೆ. “ನಿಮ್ಮಷ್ಟು ಸ್ಪಷ್ಟವಾಗಿ ಮಾತಾಡುವವರು ಬೇರೆ ಯಾರೂ ಇಲ್ಲ ಮಾರಾಯ್ರೆ” ಎಂದಳು. ಆಮೇಲೆ ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಗಲೂ ಆಗಲಿಲ್ಲ.

ಶನಿವಾರ ಸಂಜೆ ಮತ್ತೆ ಕುಲಕರ್ಣಿಯವರ ಫೋನು. ದನಿ ಬಾವಿಯ ತಳದಿಂದ ಬಂದಂತಿತ್ತು.

“ಸರ, ಸಮೂಹಗಾನದವರಿಗೆಲ್ಲಾ ಗಂಟಲು ಕಟ್ಟೇತ್ರಿ. ನಿನ್ನೆ ಒಂದ ಕೋಣ್ಯಾಗ ಕಿಡಕಿ ಮುಚ್ಚಿ ಪ್ರಾಕ್ಟೀಸ್ ಮಾಡಿದ್ರು, ಹೊರಗಿನ ರೋಗ ಒಳಗ ಬರಬಾರದು ಅಂತ. ನಂದೂ ಹೋಗೇತಿ. ಬಾಯಾರ ಗಂಟಲು ಹ್ಯಾಂಗೈತಿ?”

“ಚೆನ್ನಾಗಿದೆ. ಅವಳಿಗೆ ಏನೂ ತಾಗಿಲ್ಲ. ನನ್ನನ್ನು ಗ್ಯಾಲರಿಯಲ್ಲಿ ಇಟ್ಟಿದ್ದಾಳೆ.”

“ಶಾಣ್ಯಾ ಹೆಣ್ಮಗಳು. ಅವರು ಬರಲಿ. ಒಂದಲ್ಲ, ಮೂರು ಹಾಡು ಹಾಡಲಿ. ನೀವು ಮಾತ್ರ...”

“ಬರುವುದಿಲ್ಲ.”

“ದೇವರು ನಿಮ್ಮನ್ನ ಚಲೋ ಇಟ್ಟಿರ್ಲಿ!”

ಭಾನುವಾರ ಮಧ್ಯಾಹ್ನ ಶೈಲಜಾ ಬಾಳೆಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು, ಪುಸ್ತಕ ಹಿಡಿದು, ಈಶಾಳ ಜೊತೆ ಹೊರಟಳು. ಬಾಗಿಲಲ್ಲಿ ತಿರುಗಿ, “ಯಾರಾದ್ರೂ ಬೆಲ್ ಮಾಡಿದ್ರೆ ಮಾತಾಡ್ಲಿಕ್ಕೆ ಹೋಗ್ಬೇಡಿ” ಎಂದಳು.

ಈಶಾ ಸಭಾಂಗಣದಿಂದ ವೀಡಿಯೋ ಕರೆ ಮಾಡಿ ಫೋನನ್ನು ಎತ್ತಿ ಹಿಡಿದಳು. ಚಿತ್ರ ತೇಲುತ್ತಿತ್ತು, ಕರಗುತ್ತಿತ್ತು. ಮೈಕಿನ ಮುಂದೆ ಒಂದು ಹಸಿರು ಬಣ್ಣದ ಚುಕ್ಕೆ. ಆ ಚುಕ್ಕೆ ಹಾಡಿತು. ತಿಂಗಳಿಂದ ಅಡಿಗೆಮನೆಯ ಗೋಡೆಗಳ ನಡುವೆ ತಿರುಗುತ್ತಿದ್ದ ದನಿ ಅಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ನಾನು ಗ್ಯಾಲರಿಯ ಬಿಸಿಲಿನಲ್ಲಿ ಕುಳಿತು ಕೇಳಿದೆ. ಕೆಳಗಿನ ರಸ್ತೆ, ರಿಕ್ಷಾ, ಹೂವಿನವನ ಕೂಗು ಎಲ್ಲ ದೂರ ದೂರ ಸರಿದವು. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ನಾನೂ ನಮ್ಮ ಬಾಗಿಲು ತೆರೆದು ಫೋನನ್ನು ಹೊಸ್ತಿಲ ಮೇಲಿಟ್ಟೆ. ಕಾಕಾ ತಮ್ಮ ಹೊಸ್ತಿಲಲ್ಲೇ ಕಣ್ಣು ಮುಚ್ಚಿ ನಿಂತು, ಕನ್ನಡದ ಒಂದಕ್ಷರ ತಿಳಿಯದಿದ್ದರೂ ಮೂರು ಹಾಡಿಗೂ ತಲೆದೂಗಿದರು.

ಸಂಜೆ ಶೈಲಜಾ ಮಲ್ಲಿಗೆ ಮಾಲೆ ಹಿಡಿದು ಮನೆಗೆ ಬಂದಾಗ ನಾನು ಟಿವಿಯ ಮುಂದಿದ್ದೆ. ಒಂದು ಗಂಟೆಯಿಂದ ವಾಹಿನಿ ಬದಲಿಸುತ್ತಲೇ ಇದ್ದೆ. ನೆಗಡಿಯ ಸುದ್ದಿ ಎಲ್ಲೂ ಇರಲಿಲ್ಲ. ಪಕ್ಕದ ಠಾಣೆ ಊರಿನ ಯಾವುದೋ ಬಂಗಲೆಯ ಅಂಗಳಕ್ಕೆ ಚಿರತೆ ಬಂದಿತ್ತಂತೆ. ಎಲ್ಲ ಕಡೆಯೂ ಅದೇ.

“ಇನ್ನೂ ಸಾಕಾಗ್ಲಿಲ್ವಾ ನಿಮಗೆ? ಎಂತ ಹುಡುಕ್ತಿದ್ದೀರಿ?”

“ಏನಿಲ್ಲ” ಎಂದು ಟಿವಿ ಆರಿಸಿದೆ.

ನನ್ನನ್ನು ಎಲ್ಲಾದರೂ ಮತ್ತೆ ತೋರಿಸುತ್ತಾರೋ ಎಂದು ನೋಡುತ್ತಿದ್ದೆ ಎಂದು ಹೇಗೆ ಹೇಳಲಿ? ಚಿರತೆಯೂ ಅಂಥಾದ್ದೇನಲ್ಲ. ಮರಿ.