ನಡುಮನೆಯಿಂದ ನರಸೀಪುರಕ್ಕೆ ರೈಲು

ಪ್ರತಿಯೊಂದು ಮನೆಯಲ್ಲೂ ಎಲ್ಲರೂ ಸುತ್ತು ಹಾಕಿಕೊಂಡು ಓಡಾಡುವ ಒಂದು ವಸ್ತು ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ಅಜ್ಜನ ಕಾಲದ ಮಂಚ, ಕೆಲವರ ಮನೆಯಲ್ಲಿ ಕೆಟ್ಟು ಕೂತ ಫ್ರಿಜ್ಜು, ಇನ್ನು ಕೆಲವರ ಮನೆಯಲ್ಲಿ ಯಜಮಾನನೇ. ನಂಜನಗೂಡಿನ ನಮ್ಮ ಮನೆಯಲ್ಲಿ ಅದು ಒಂದು ರೈಲು ಮಾರ್ಗ. ನಡುಮನೆಯ ಮುಕ್ಕಾಲು ಪಾಲನ್ನು ಆಕ್ರಮಿಸಿರುವ ಪ್ಲೈವುಡ್ಡಿನ ಮೇಜು, ಅದರ ಮೇಲೆ ಹೊಳೆ, ಸೇತುವೆ, ಸ್ಟೇಷನ್ನು, ಗದ್ದೆ, ಗೇಣುದ್ದದ ರೈಲು. ಮೇಜಿನ ಕೆಳಗೆ ರಾಗಿ ಮೂಟೆ, ಖಾಲಿ ಗ್ಯಾಸ್ ಸಿಲಿಂಡರು, ಮದುವೆಯಲ್ಲಿ ಬಂದ ತಾಮ್ರದ ಹಂಡೆ. ನಮ್ಮ ಮನೆಗೆ ಹೊಸದಾಗಿ ಬಂದವರು ಮೊದಲು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಅಡ್ಡಡ್ಡಲಾಗಿ ನಡೆಯುವುದನ್ನು ಕಲಿಯಬೇಕು. ಮೂವತ್ತು ವರ್ಷದಿಂದ ಇದನ್ನು ಕಟ್ಟುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಹವ್ಯಾಸವೊಂದಿದ್ದರೆ ಮನಸ್ಸಿಗೆ ಹುರುಪು ಎಂದು ಪತ್ರಿಕೆಗಳಲ್ಲಿ ಬರೆಯುವವರಿದ್ದಾರೆ. ಅವರನ್ನು ಕರೆದು ಒಂದು ದಿನ ಹಳಿ ಒರೆಸಲು ಕೂರಿಸಬೇಕೆಂದು ನನಗೆ ಬಹಳ ಆಸೆ. ಧೂಳು ಕೂತ ಹಳಿಯಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ರೈಲು ಬಿಕ್ಕಳಿಸುತ್ತಾ ನಿಂತುಬಿಡುತ್ತದೆ. ಆದ್ದರಿಂದ ಪೆನ್ಸಿಲ್ ಗುರುತು ಅಳಿಸುವ ರಬ್ಬರಿನಿಂದ ಹಳಿಯನ್ನು ಉಜ್ಜುತ್ತಾ ಹೋಗಬೇಕು. ಮೇಜಿನ ನರಸೀಪುರದ ತುದಿ ಉಜ್ಜಿ ಮುಗಿಸುವ ಹೊತ್ತಿಗೆ ನಂಜನಗೂಡಿನ ತುದಿಯಲ್ಲಿ ಮತ್ತೆ ಧೂಳು ಕೂತಿರುತ್ತದೆ. ಜೊತೆಗೆ, ನಾನು ರೈಲು ಬಿಡುವವನು ಎಂಬ ಊರಿನವರ ತಮಾಷೆಯನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ; ಅದಕ್ಕೆ ನಗುವುದನ್ನು ಬಿಟ್ಟು ಹತ್ತು ವರ್ಷವಾಯಿತು.

ಇದು ಶುರುವಾದದ್ದು ನನ್ನ ಮದುವೆಯಲ್ಲಿ. ಹೆಂಡತಿ ನಾಗರತ್ನಳ ತವರು ಟಿ. ನರಸೀಪುರ. ಎರಡು ಹೊಳೆ ಸೇರುವ ಊರಾದರೂ ಅಲ್ಲಿಗೆ ರೈಲಿಲ್ಲ. ನಂಜನಗೂಡಿಗೆ ರೈಲಿದೆ ಎಂಬುದನ್ನು ನನ್ನ ತಾಯಿ ತಾನೇ ಹಾಕಿಸಿದಂತೆ ಹೇಳಿಕೊಳ್ಳುತ್ತಿದ್ದಳು. ಹೆಣ್ಣಿನ ಕಡೆಯವರು ಬಸ್ಸಿನಲ್ಲಿ ಬಂದು ಇಳಿದಾಗ, ಪಾಪ ರೈಲಿಲ್ಲದ ಊರಿನವರು ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟಳು. ಹೊಸ ಮದುಮಗ ನಾನು, ಹುಮ್ಮಸ್ಸಿನಲ್ಲಿ, ಇವರ ಊರಿಗೆ ನಾನೇ ರೈಲು ಹಾಕಿಸಿ ಕೊಡುತ್ತೇನೆ ಎಂದೆ. ಎಲ್ಲರೂ ನಕ್ಕರು. ನಾಗರತ್ನ ತಲೆ ತಗ್ಗಿಸಿಕೊಂಡಿದ್ದಳು. ಅವಳು ಆನಂದದಿಂದ ತಲೆ ತಗ್ಗಿಸಿದ್ದಾಳೆ ಎಂದು ನಾನು ತಿಳಿದೆ. ಮುಂದೆ ಮಗಳು ಹುಟ್ಟಿದಾಗ ಅವಳಿಗೆಂದು ಕೀಲಿ ಕೊಡುವ ರೈಲೊಂದನ್ನು ತಂದೆ. ಮಗಳು ಎರಡು ದಿನ ಆಡಿ ಬಿಟ್ಟಳು. ನಾನು ಬಿಡಲಿಲ್ಲ.

ಮುಂಬಯಿಯಿಂದ ಪಾರ್ಸೆಲ್ಲಿನಲ್ಲಿ ಹಳಿಗಳು ಬಂದವು. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಭತ್ತದ ಗದ್ದೆ ಮಾಡಿದೆ. ಪಾತ್ರೆ ಉಜ್ಜುವ ನಾರನ್ನು ಸೀಳಿ ಕಬ್ಬು ಬೆಳೆದೆ. ಅಡುಗೆಮನೆಯಲ್ಲಿ ನಾರು ಕಾಣೆಯಾದಾಗಲೆಲ್ಲ ಹೆಂಡತಿ ನೇರವಾಗಿ ನನ್ನ ಹೊಲಕ್ಕೆ ಬಂದು ಕಟಾವು ಮಾಡಿಕೊಂಡು ಹೋಗುತ್ತಿದ್ದಳು. ತಲಕಾಡಿನ ಮರಳನ್ನು ತಲಕಾಡಿನಿಂದಲೇ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದೆ. ಹೆಮ್ಮರಗಾಲದ ಸ್ನೇಹಿತರೊಬ್ಬರು ತಮ್ಮ ಊರಿಗೂ ರೈಲು ನಿಲ್ಲಬೇಕೆಂದು ಒತ್ತಾಯಿಸಿದ್ದರಿಂದ ಬೆಂಕಿಪೊಟ್ಟಣದಲ್ಲಿ ಅಲ್ಲೊಂದು ನಿಲ್ದಾಣ ಕಟ್ಟಿದೆ. ಬನ್ನೂರಿನ ಕಡೆಗೊಂದು ಕವಲು ಕಿಟಕಿಯ ಕಟ್ಟೆಯ ಮೇಲೆ ಹೋಗಬೇಕಿತ್ತು. ಅಲ್ಲಿ ಹೆಂಡತಿ ಉಪ್ಪಿನಕಾಯಿ ಜಾಡಿಯನ್ನಿಟ್ಟು ಆ ಯೋಜನೆಯನ್ನು ತಿರಸ್ಕರಿಸಿದಳು.

ನನ್ನ ನೌಕರಿಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮೂವತ್ತಾರು ವರ್ಷ ಸರ್ವೇಯರ್ ಆಗಿದ್ದವನು. ಜಮೀನು ಅಳೆಯುವುದು, ಗಡಿ ಗುರುತಿಸುವುದು, ಬಾಂದು ಕಲ್ಲು ನೆಡಿಸುವುದು ನನ್ನ ಕೆಲಸ. ಕಲ್ಲು ಎಲ್ಲಿ ಬೀಳುತ್ತದೆ ಎಂದು ಉಸಿರು ಬಿಗಿಹಿಡಿದು ನಿಂತ ರೈತರನ್ನು ಸಾವಿರಾರು ಸಲ ನೋಡಿದ್ದೇನೆ. ಬದುವಿನ ಮೇಲೆ ನಿಂತು, "ಒಂದ್ ಬೆಳ್ಳಷ್ಟು ಅತ್ಲಾಗೆ ಆಕಿ ಸಾ" ಎಂದು ಕೈ ಮುಗಿದವರಿದ್ದಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ: ನಾನಲ್ಲಪ್ಪ, ನಕ್ಷೆ ಹೇಳುತ್ತದೆ. ಆ ಮಾತು ಎಷ್ಟು ಅನುಕೂಲವಾಗಿತ್ತೆಂದರೆ ಮನೆಯಲ್ಲೂ ಬಳಸಲು ನೋಡಿದೆ. ಮನೆಯಲ್ಲಿ ನಡೆಯಲಿಲ್ಲ.

ನಿವೃತ್ತಿಯಾದ ಮೇಲೆ ರೈಲು ನರಸೀಪುರದ ಹತ್ತಿರ ಬಂತು. ಅಲ್ಲಿಯತನಕ ದೂರದ ವಿಷಯದಲ್ಲಿ ಧಾರಾಳವಾಗಿ ರಿಯಾಯಿತಿ ತೆಗೆದುಕೊಂಡಿದ್ದೆ. ಪೂರ್ತಿ ದೂರವನ್ನು ಅಳತೆ ಪ್ರಕಾರ ಮಾಡಹೊರಟರೆ ಹಳಿ ನಮ್ಮ ಮನೆ ದಾಟಿ ಮೂರು ಬೀದಿ ಆಚೆ ಹೋಗಬೇಕಿತ್ತು. ಆದರೆ ಹೆಂಡತಿಯ ಊರು, ಕೊನೆಯ ಒಂದು ಮೊಳ ಜಾಗ. ಅದನ್ನಾದರೂ ಸುಳ್ಳಿಲ್ಲದೆ ಮಾಡೋಣ ಎಂದು ಗ್ರಾಮನಕ್ಷೆಯನ್ನು ಮುಂದಿಟ್ಟುಕೊಂಡು ಕೂತೆ. ಬಾಮೈದ ಮಾದೇಶ ಸಾಗುವಳಿ ಮಾಡುವ, ಕಾಲುವೆ ಕೆಳಗಿನ ಗದ್ದೆಯನ್ನು ಅದರ ಮೂಲೆ, ಸೊಟ್ಟ, ಮೋಟಾರ್ ಮನೆಯ ಸಮೇತ ಮಾಡಿದೆ. ಬದುವಿನ ಮೇಲೆ ಎರಡು ತೆಂಗಿನ ಮರ. ಒಂದು ನೆಟ್ಟಗೆ, ಇನ್ನೊಂದು ವಾಲಿದ್ದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೈ ಕೇಳಲಿಲ್ಲ. ಅಕ್ಕಿಕಾಳಿಗೆ ಬೂದು ಬಣ್ಣ ಬಳಿದು ಬಾಂದು ಕಲ್ಲುಗಳನ್ನು ಮಾಡಿ ಗಡಿಯುದ್ದಕ್ಕೂ ನೆಟ್ಟೆ. ಹಳಿಯ ಗೆರೆ ಆ ಗದ್ದೆಯ ನಡುವೆಯೇ ಹಾದುಹೋಗುತ್ತಿತ್ತು. ರೈಲಿನ ಜಾಗಕ್ಕೂ ಗಡಿ ಗುರುತು ಬೇಕು, ನಿಯಮವೆಂದರೆ ನಿಯಮ ಎಂದು ಹಳಿಯ ಎರಡೂ ಪಕ್ಕಕ್ಕೂ ಕಲ್ಲು ನೆಟ್ಟೆ.

ಮಾದೇಶ ನಾಗರತ್ನಳ ಒಬ್ಬನೇ ತಮ್ಮ. ಭತ್ತ, ಕಬ್ಬು, ನಾಲ್ಕು ಸೀಮೆಹಸು, ಮಾತು ಕಡಿಮೆ. ನನ್ನ ಮಾವ ತೀರಿಕೊಂಡಾಗಿನಿಂದ ಆ ಜಮೀನಿನ ವಿಷಯ ಇಬ್ಬರ ನಡುವೆ ಎದ್ದೇ ಇರಲಿಲ್ಲ. ಹಕ್ಕು ಬಿಟ್ಟೆನೆಂದು ಸಹಿ ಹಾಕು ಎಂದು ಅವನು ಕೇಳಲಿಲ್ಲ, ಪಾಲು ಕೊಡು ಎಂದು ಇವಳು ಕೇಳಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವನು ಮೊರದಲ್ಲಿ ಬಾಗಿನ ಹೊತ್ತು ತಂದು ಅಕ್ಕನ ಕೈಗೆ ಕೊಡುತ್ತಿದ್ದ, ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಆ ವಿಚಾರ ಆ ವರ್ಷದ ಮಟ್ಟಿಗೆ ಅಲ್ಲಿಗೆ ಮುಗಿಯುತ್ತಿತ್ತು. ಕಾಗದಪತ್ರ ನಂಬುವ ನನ್ನಂಥವನಿಗೂ ಆ ವ್ಯವಸ್ಥೆಯಲ್ಲಿ ಒಂದು ಲೋಪವೂ ಕಂಡಿರಲಿಲ್ಲ.

ಆಷಾಢ ಕಳೆದು ಒಂದು ಭಾನುವಾರ ಮಾದೇಶ ಬಂದ. ನನ್ನ ಮೇಜನ್ನು ಅವನು ಯಾವತ್ತೂ ತಲೆಯೆತ್ತಿ ನೋಡಿದವನಲ್ಲ. ಅವತ್ತು ಕರೆಂಟು ಹೋಗಿ ಫ್ಯಾನು ನಿಂತಿತು. ಗಾಳಿಗೆಂದು ಎದ್ದು ಕಿಟಕಿಯ ಹತ್ತಿರ ಹೋದವನು ನರಸೀಪುರದ ಎದುರಿಗೇ ನಿಂತ. ಬಹಳ ಹೊತ್ತು ನಿಂತ. ನನಗೆ ಒಳಗೊಳಗೇ ಖುಷಿ. ಮೂವತ್ತು ವರ್ಷದಲ್ಲಿ ಮೊದಲ ಪ್ರೇಕ್ಷಕ.

"ಭಾವ, ಇದು ನಮ್ ಕಾಲ್ವೆ ಕೆಳಗ್ಲ ಗದ್ದೆ ಅಲ್ವಾ?" ಎಂದ.

ಹೌದಪ್ಪ, ಅಳತೆ ಪಕ್ಕಾ, ಒಂದು ಗುಂಟೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದೆ. ನಡುವೆ ಹೀಗೆ ಎರಡು ಪಾಲಾಗಿದೆಯಲ್ಲ ಎಂದು ಕೇಳಿದ. ಆಗಲೇಬೇಕು, ಗೆರೆ ಬರುವುದೇ ಹಾಗೆ, ಲೆಕ್ಕ ಹಾಕಿದರೆ ಎರಡೂ ಕಡೆ ಹೆಚ್ಚುಕಡಿಮೆ ಸಮಪಾಲು ಎಂದು ಉತ್ಸಾಹದಿಂದ ಹೇಳಿದೆ. ಸಮಪಾಲು ಎಂಬ ಮಾತು ಹೇಳುವಾಗ ಬೆರಳನ್ನು ಬೇರೆ ಆಡಿಸಿ ತೋರಿಸಿದೆ. ದೇವರು ಆ ಹೊತ್ತಿಗೆ ನನ್ನ ನಾಲಿಗೆಗೂ ಕರೆಂಟು ತೆಗೆಯಬಹುದಿತ್ತು. ಮಾದೇಶ ಕಾಫಿಯನ್ನು ಅರ್ಧ ಕುಡಿದು, ಹಸು ಕರೆಯುವ ಹೊತ್ತಾಯಿತು ಎಂದು ಊಟಕ್ಕೂ ನಿಲ್ಲದೆ ಹೊರಟ. ಆಗಿನ್ನೂ ಹನ್ನೊಂದು ಗಂಟೆ.

ಗೌರಿ ಹಬ್ಬ ಬಂತು. ನಾಗರತ್ನ ಬೆಳಗ್ಗೆಯೇ ತಮ್ಮನಿಗೆಂದು ಒಬ್ಬಟ್ಟು ತಟ್ಟಿ ಕಾದಳು. ಅವನು ಬರಲಿಲ್ಲ. ಫೋನು ಬಂತು: ಗದ್ದೆಗೆ ನೀರು ಬಿಟ್ಟಿದ್ದಾರೆ, ಬರಲಾಗುವುದಿಲ್ಲ, ಬಾಗಿನವನ್ನು ಹನ್ನೆರಡರ ಬಸ್ಸಿಗೆ ಕಳಿಸಿದ್ದೇನೆ, ಇಳಿಸಿಕೊಳ್ಳಿ ಎಂದು. ನಾನು ಹೋಗುತ್ತೇನೆ ಎಂದೆ, ಅವಳು ಬಿಡಲಿಲ್ಲ. ಒಬ್ಬಳೇ ಬಸ್ ಸ್ಟ್ಯಾಂಡಿಗೆ ಹೋಗಿ, ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ದೇವರ ಮುಂದಿಟ್ಟು, ನನ್ನ ಕಡೆ ತಿರುಗಿದಳು.

"ತಮ್ಮನ ಕೈಲಿ ಇಸ್ಕೋಬೇಕಾದ ಬಾಗಿನಾನ ಕಂಡಕ್ಟರ್ ಕೈಲಿ ಇಸ್ಕೊಂಡು ಬಂದೆ ಕಣ್ರೀ. ನೀವು ಅಲ್ಲಿ ಏನು ಮಾಡಿದ್ದೀರಿ, ಹೇಳಿ."

ಏನೂ ಮಾಡಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಅವಳೇ ಮಾದೇಶನ ಹೆಂಡತಿಗೆ ಫೋನು ಮಾಡಿ ಸುತ್ತಿ ಬಳಸಿ ವಿಷಯ ತೆಗೆದಳು. ಅಕ್ಕ ಪಾಲು ಕೇಳುವವಳಿದ್ದಾಳೆ, ಸರ್ವೇಯರ್ ಭಾವ ಆಗಲೇ ಅಳೆದು, ಎರಡು ಪಾಲು ಮಾಡಿ, ಕಲ್ಲು ನೆಟ್ಟು ಇಟ್ಟಿದ್ದಾರೆ ಎಂದು ಮಾದೇಶ ಆ ಭಾನುವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ನನಗೆ ನಗು ಬಂತು. ನಾಗರತ್ನಳ ಮುಖ ನೋಡಿ ಅದನ್ನು ನುಂಗಿದೆ. ಅವಳು ಅಳಲಿಲ್ಲ. ತಟ್ಟಿದ ಒಬ್ಬಟ್ಟನ್ನೆಲ್ಲ ಅಕ್ಕಪಕ್ಕದ ಮನೆಗೆ ಹಂಚಿ ಬಂದಳು. ನಮ್ಮ ತಟ್ಟೆಗೆ ಒಂದೂ ಬರಲಿಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿದೆ. ಮಂಡಿನೋವು ಇರುವವನಿಗೆ ಆ ಬಸ್ಸಿನ ಸೀಟು ಹೇಳಿ ಮಾಡಿಸಿದ ಶಿಕ್ಷೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಕರಡು ಮಾಡಿಕೊಂಡೆ. ಮಾದೇಶ ಕೊಟ್ಟಿಗೆಯಲ್ಲಿದ್ದ. ಕುರ್ಚಿ ತಂದು ಹಾಕಿದ, ಎಳನೀರು ಕೆತ್ತಿಕೊಟ್ಟ, ಮರ್ಯಾದೆಯಲ್ಲಿ ಒಂದು ಕೂದಲೂ ಕಡಿಮೆಯಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅದು ಬರೀ ಆಟದ ಸಾಮಾನು ಮಾದೇಶ, ನೀನು ತಪ್ಪು ತಿಳಿದಿದ್ದೀಯ ಎಂದೆ.

ಅವನು ಹಸುವಿನ ಬೆನ್ನು ಸವರುತ್ತಾ ನಿಂತ. "ಆಟದ್ ಸಾಮಾನ್ಗೆ ಬಾಂದು ಕಲ್ಲು ಯಾಕ್ ನೆಡ್ತಾರೆ ಭಾವ?" ಎಂದ. ಹಸುವಿನ ಮುಂದೆ ಹುಲ್ಲು ಎಳೆದು ಹಾಕಿ, "ಅಕ್ಕ ಬಾಯ್ಬುಟ್ಟು ಕೇಳುದ್ರೆ ನಾ ಇಲ್ಲ ಅನ್ನೋನಲ್ಲ. ನಿಮ್ ಕೈಲಿ ಅಳ್ತೆ ಮಾಡ್ಸಿ ಕೇಳ್ಬಾರ್ದಾಗಿತ್ತು" ಎಂದ.

ನಾನಲ್ಲಪ್ಪ, ನಕ್ಷೆ ಹೇಳುತ್ತದೆ ಎಂಬ ಮಾತು ಹಳೆಯ ಚಾಳಿಯಂತೆ ನಾಲಿಗೆಯ ತುದಿಗೇ ಬಂದಿತ್ತು. ಆಗ ಅವನ ಮುಖ ನೋಡಿದೆ. ಆ ಮುಖ ನನಗೆ ಹೊಸದಲ್ಲ. ಕಲ್ಲು ಬೀಳುವುದನ್ನು ಕಾಯುತ್ತಾ ಬದುವಿನ ಮೇಲೆ ನಿಲ್ಲುವವರ ಮುಖ ಅದು. ಮೂವತ್ತಾರು ವರ್ಷ ಅದನ್ನು ನೋಡಿದ್ದೆ. ಆಮೇಲೆ ಅಳತೆಯ ಚೈನು ಸುತ್ತಿಕೊಂಡು ಮನೆಗೆ ಬಂದು ಊಟ ಮಾಡಿ ಹಳಿ ಜೋಡಿಸುತ್ತಾ ಕೂತಿರುತ್ತಿದ್ದೆ. ನನಗೆ ನಾಚಿಕೆಯಾಯಿತು. ಕರಡು ಮಾಡಿಕೊಂಡ ಮಾತೆಲ್ಲ ಮರೆತುಹೋಯಿತು. ಅಕ್ಕನಿಗೆ ಇದೊಂದೂ ಗೊತ್ತಿಲ್ಲ, ತಪ್ಪು ನನ್ನದು, ಹಳಿಯನ್ನು ನಿನ್ನ ಗದ್ದೆಯಿಂದ ಆಚೆಗೆ ತೆಗೆಯುತ್ತೇನೆ ಎಂದೆ. ಹಾಗೆಲ್ಲ ತೆಗೆಯೋಕೆ ಆಗುತ್ತದೆಯೇ ಎಂದು ಅವನು ಅನುಮಾನದಿಂದ ಕೇಳಿದ. ಆಗುತ್ತದೆ ಎಂದೆ. ಆ ಮಾತನ್ನು ನಾನು ಜೀವಮಾನದಲ್ಲಿ ಮೊದಲ ಬಾರಿ ಆಡಿದ್ದು.

ಆಗುತ್ತದೆ ಎನ್ನುವುದು ಸುಲಭ. ಅಂಟಿಸಿದ ಹಳಿಯನ್ನು ಕೀಳುವುದಕ್ಕೇ ಒಂದು ವಾರ ಹಿಡಿಯಿತು. ಸೊಂಟ ಬಿಗಿದುಕೊಂಡು ಎರಡು ದಿನ ಮಲಗಿದೆ. ಆ ಹೊತ್ತಿನಲ್ಲಿ ನಾಗರತ್ನ ತಲೆಪಿನ್ನು ಹಿಡಿದು ಬಂದು ಅಕ್ಕಿಕಾಳಿನ ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಲೆಕ್ಕ ತಪ್ಪದಂತೆ ಬೊಗಸೆಯಲ್ಲಿ ತುಂಬಿಕೊಂಡು, ಅಂಗಳದ ಗುಬ್ಬಿಗಳಿಗೆ ಹಾಕಿದಳು. ಬಣ್ಣ ಬಳಿದ ಅಕ್ಕಿಯನ್ನು ಗುಬ್ಬಿಗಳೂ ಮುಟ್ಟಲಿಲ್ಲ. ನಾನು ಎದ್ದು ಹಳಿಯನ್ನು ಗದ್ದೆಯ ಅಂಚಿನಲ್ಲಿ ಬಳಸಿ ಬಗ್ಗಿಸಿದೆ. ಮೇಜಿನ ಅಂಚು ಅಲ್ಲಿಯೇ ಇದ್ದದ್ದರಿಂದ ಜಾಗ ಸಾಲದೆ ತಿರುವು ಬಹಳ ಬಿಗಿಯಾಯಿತು. ಗೊತ್ತಿದ್ದೂ ಹಾಗೆಯೇ ಮೊಳೆ ಹೊಡೆದೆ.

ದಸರಾ ಕಳೆದ ಮೇಲೆ ಮಾದೇಶ ಬಂದ. ಕೈಯಲ್ಲಿ ಇನ್ನೊಂದು ಮೊರ. ಗೌರಿ ಹಬ್ಬ ಕಳೆದು ತಿಂಗಳ ಮೇಲಾಗಿದ್ದರೂ ಯಾರೂ ಅದನ್ನು ಎತ್ತಿ ಆಡಲಿಲ್ಲ. ನಾಗರತ್ನ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು, ಈ ಸಲ ಅತ್ತಳು. ಮಾದೇಶ ಮುಖ ತಿರುಗಿಸಿ ಮೇಜಿನ ಹತ್ತಿರ ಹೋಗಿ ಗದ್ದೆಯ ನಾಲ್ಕೂ ಮೂಲೆ ನೋಡಿದ. ಒಂದೇ ತುಂಡಾಗಿತ್ತು. ತೃಪ್ತಿಯಾಯಿತು. ಆಮೇಲೆ, ರೈಲು ಹೇಗೂ ಗದ್ದೆ ಪಕ್ಕದಲ್ಲೇ ಹೋಗುವುದಾದರೆ ಸ್ಟೇಷನ್ನನ್ನು ಇಲ್ಲೇ ತೆಂಗಿನ ಮರದ ಹತ್ತಿರ ಮಾಡಿದರೆ ಹೇಗೆ, ಒಂದು ಟೀ ಅಂಗಡಿಗೂ ಜಾಗವಾಗುತ್ತದೆ ಎಂದ. ನಾನು ಸ್ಟೇಷನ್ನನ್ನು ಎತ್ತಿ ಅಲ್ಲಿಟ್ಟೆ. ಒಮ್ಮೆ ಬಗ್ಗಿದವನಿಗೆ ಎರಡನೆಯ ಸಲ ಸೊಂಟ ನೋಯುವುದಿಲ್ಲ.

ಎಲ್ಲರೂ ನಿಂತು ನೋಡುತ್ತಿದ್ದಂತೆ ಮೊದಲ ರೈಲು ಹೊರಟಿತು. ಕಪಿಲೆ ದಾಟಿತು, ಹೆಮ್ಮರಗಾಲದಲ್ಲಿ ನಿಂತಿತು, ಕಬ್ಬಿನ ನಡುವೆ ಸಾಗಿತು, ಮಾದೇಶನ ಗದ್ದೆಯ ತಿರುವಿನಲ್ಲಿ ಮಗ್ಗುಲಾಗಿ ಕಾಲುವೆಗೆ ಬಿತ್ತು. ಎತ್ತಿಟ್ಟೆ, ಮತ್ತೆ ಬಿತ್ತು. ಮಾದೇಶ ಸಮಾಧಾನ ಹೇಳುವವನಂತೆ, ನಮಗೆ ಬಸ್ಸೇ ವಾಸಿ ಭಾವ ಎಂದ. ನಾನು ಹೆಂಡತಿಯ ಕಡೆ ನೋಡಿದೆ. ಮೂವತ್ತು ವರ್ಷದ ಕೊನೆಗೆ ಅವಳ ಊರಿನ ರೈಲು ಕಾಲುವೆಯಲ್ಲಿ ಮಲಗಿತ್ತು.

"ನಾನು ಯಾವತ್ತು ರೈಲು ಕೇಳಿದ್ದೆ?" ಎಂದಳು ನಾಗರತ್ನ, ಕಣ್ಣೊರೆಸಿಕೊಳ್ಳುತ್ತಾ. "ಬಸ್ಸಾದ್ರೆ ಕಾಲುವೆ ಏರಿ ಮೇಲೆ ಇಳಿಸ್ತಾನೆ. ಅಲ್ಲಿಂದ ನಮ್ಮನೆ ಕಾಣುತ್ತೆ."

ಈಗ ದಿನಕ್ಕೊಂದು ಸಲ ರೈಲು ಓಡಿಸುತ್ತೇನೆ, ಬಿಟ್ಟರೆ ಹಳಿ ತುಕ್ಕು ಹಿಡಿಯುತ್ತದೆ ಎಂಬ ಕಾರಣಕ್ಕೆ. ಆ ತಿರುವಿಗೆ ಬಂದಾಗ ಅದರ ಮಗ್ಗುಲಿಗೆ ಬೆರಳು ಕೊಡುತ್ತೇನೆ. ಅದು ನನ್ನ ಬೆರಳಿಗೆ ಒರಗಿಕೊಂಡು ಬಾಮೈದನ ಗದ್ದೆಯನ್ನು ಬಳಸಿ ಸ್ಟೇಷನ್ ಸೇರುತ್ತದೆ. ಹಾಗೆ ಬೆರಳು ಹಿಡಿದು ನಿಂತಾಗ, ಒಂದು ಬೆರಳಷ್ಟು ಆಚೆಗೆ ಹಾಕಿ ಎಂದು ಬದುವಿನ ಮೇಲೆ ಕೈ ಮುಗಿದಿದ್ದವರೆಲ್ಲ ನೆನಪಾಗುತ್ತಾರೆ. ಅವರಿಗೆಲ್ಲ ನಕ್ಷೆ ಬಿಡುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಅವರಲ್ಲಿ ಯಾರೂ ನನ್ನ ಬಾಮೈದನಾಗಿರಲಿಲ್ಲ, ಅಷ್ಟೇ.