ಹದಿನೇಳನೇ ಐಟಂ

ಸೋದರತ್ತೆ ತನ್ನ ಉಯಿಲಿನಲ್ಲಿ ಅವನನ್ನು ಅದರ ಜಾರಿಯ ಹೊಣೆ ಹೊರುವ ಎಕ್ಸಿಕ್ಯೂಟರ್ ಮಾಡಿ ಕಣ್ಮುಚ್ಚಿದ್ದೇ ತಡ, ಆಫೀಸಿನಲ್ಲಿ ಬಂದ ಕಾಗದಗಳಿಗೆ ತಾರೀಖು ಒತ್ತುವ ಗುಮಾಸ್ತನಿಗೆ ರಾಜ್ಯಭಾರ ವಹಿಸಿಕೊಂಡಷ್ಟು ಗತ್ತು ಬಂತು. ತನ್ನ ಹೆಸರಿದ್ದ ಪುಟವನ್ನು ಹನ್ನೊಂದು ಸಲ ಓದಿದ. (ಉಳಿದ ಪುಟಗಳಲ್ಲಿ ಅವನ ಹೆಸರಿರಲಿಲ್ಲ.) ವಕೀಲರು ಹೇಳಿದ್ದರಲ್ಲಿ ಕಿವಿಗೆ ಬಿದ್ದದ್ದು ಇಷ್ಟೇ: ಆಸ್ತಿಯ ಪಟ್ಟಿ ಕೊಡಲು ಆರು ತಿಂಗಳು.

ಅತ್ತೆಯ ಸಾಮಾನೆಲ್ಲ ಅವನ ಎರಡು ಕೋಣೆಯ ಮನೆಗೆ ಬಂತು. ಅತ್ತೆಯ ಆರಾಮಕುರ್ಚಿಯಲ್ಲೇ ವಿರಾಜಮಾನನಾಗಿ (ಮೇಲ್ವಿಚಾರಣೆಗಾಗಿ) ಅವನು ಚಮಚ, ಗುಂಡಿ, ಮುರಿದ ಛತ್ರಿ ಎಲ್ಲವನ್ನೂ ಪಟ್ಟಿ ಮಾಡಿದ.

ಗಡುವಿಗೆ ಮೂರು ದಿನವಿದ್ದಾಗ ಹೆಂಡತಿ ಕೇಳಿದಳು: "ರೀ, ಹೊಲಿಗೆ ಮೆಷಿನ್ ಅತ್ತೆ ನನಗೇ ಬರೆದಿದ್ದಾರಲ್ಲ? ನನ್ನದು ಕೆಟ್ಟು ಕೂತಿದೆ. ಸೋಮವಾರಕ್ಕೆ ನಲವತ್ತು ಯೂನಿಫಾರ್ಮ್ ಕೊಡ್ಬೇಕು."

"ಉಯಿಲು ಸಾಚಾ ಅಂತ ಕೋರ್ಟು ಪ್ರೊಬೇಟ್ ಕೊಡೋವರೆಗೆ ಅದರ ದಾರಾನೂ ಮುಟ್ಟಬಾರ್ದು!"

ಆರನೇ ತಿಂಗಳ ಕೊನೆಯ ದಿನ ನಲವತ್ತೊಂದು ಪುಟದ ಪಟ್ಟಿಯನ್ನೂ ಉಯಿಲನ್ನೂ ಹೊತ್ತು ಏದುಸಿರು ಬಿಡುತ್ತಾ ಕೋರ್ಟಿನ ಕೌಂಟರ್ ಮುಟ್ಟಿದ.

"ಪ್ರೊಬೇಟ್ ನಂಬರ್?" ಎಂದರು ಗುಮಾಸ್ತೆ.

"ಅದು... ಇನ್ನೂ ಬಂದಿಲ್ಲ."

"ಅರ್ಜಿ ಯಾವಾಗ ಹಾಕಿದ್ರಿ?"

"ಅರ್ಜಿ ಬೇರೆ ಹಾಕ್ಬೇಕಾ?"

ಆಕೆ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಮೊದಲು ಅರ್ಜಿ, ಆಮೇಲೆ ಪ್ರೊಬೇಟ್. ಅದು ಸಿಕ್ಕ ದಿನದಿಂದ ಈ ಆರು ತಿಂಗಳು. ನೀವು ಮದುವೆಗೆ ಮುಂಚೆ ಮಗುವಿಗೆ ಹೆಸರಿಟ್ಟಿದ್ದೀರಿ."

"ಪ್ರೊಬೇಟ್‌ಗೆ ಎಷ್ಟು ದಿನ ಬೇಕು ಮೇಡಂ?"

"ತಕರಾರಿಲ್ಲದಿದ್ರೆ ಏಳೆಂಟು ತಿಂಗಳು. ಇದ್ರೆ, ನಿಮ್ಮ ಉಯಿಲನ್ನೂ ಬರೆದಿಟ್ಟುಬಿಡಿ." ಉಯಿಲು ತಿರುವುತ್ತಿದ್ದ ಆಕೆ ಕೊನೆಯ ಪುಟದಲ್ಲಿ ನಿಂತರು. "ಇದನ್ನ ಓದಿದ್ದೀರಾ? 'ನನ್ನ ಸೋದರಳಿಯನ ಸ್ವಭಾವ ಬಲ್ಲೆ. ಮೂರು ತಿಂಗಳೊಳಗೆ ಅವನು ಅರ್ಜಿ ಹಾಕದಿದ್ದರೆ ಅವನ ಹೆಂಡತಿಯೇ ಎಕ್ಸಿಕ್ಯೂಟರ್.'"

ತಲೆಯೊಳಗೆ ತಿಂಗಳುಗಳೆಲ್ಲ ಕಲಸುಮೇಲೋಗರವಾಗಿ ಅವನು ಮನೆ ಸೇರಿದ. ಹೆಂಡತಿ ಕೊನೆಯ ಪುಟವನ್ನು ಒಂದೇ ಸಲ ಓದಿದಳು. ಅವಳಿಗೆ ಅಷ್ಟೇ ಸಾಕಾಯಿತು.

"ಹೋಗ್ಲಿ ಬಿಡು," ಎಂದು ಅವನು ಆರಾಮಕುರ್ಚಿಗೆ ಕುಸಿದ. "ಈಗ ನೀನೇ ಅಧಿಕಾರಿ. ಮೆಷಿನ್ ತಗೊಂಡು ಹೊಲಿ."

"ಅಯ್ಯೋ, ಪ್ರೊಬೇಟ್ ಬರೋವರೆಗೆ ದಾರಾನೂ ಮುಟ್ಟಬಾರ್ದು ಅಂತ ನೀವೇ ಹೇಳಿದ್ರಲ್ಲ? ಕಾನೂನು ಕಾನೂನೇ." ಪಟ್ಟಿ ತೆರೆದು ಬೆರಳಿಟ್ಟಳು. "ಏಳಿ. ಕುರ್ಚಿ ಹದಿನೇಳನೇ ಐಟಂ."

ಅವನು ಎದ್ದು ನೆಲದ ಮೇಲೆ ಕೂತ. ಮಡಿಲಿಗೆ ನಲವತ್ತು ಅಂಗಿಗಳ ಗಂಟು ಬಿತ್ತು.

"ಸೂಜಿ ನಮ್ಮ ಮನೇದೇ," ಎಂದಳು ಎಕ್ಸಿಕ್ಯೂಟರ್. "ಕೈಹೊಲಿಗೆ ಶುರು ಮಾಡಿ. ಗಡುವು ಸೋಮವಾರ. ಇದನ್ನಾದ್ರೂ ಇವತ್ತಿಂದಲೇ ಎಣಿಸಿ."